ಹನ್ನೊಂದನೆಯ ಕಲಮು

ದಂಡು ಪ್ರದೇಶವನ್ನು ಬಿಳಿಯರು ಮೈಸೂರಿಗೆ ವಾಪಸು ಕೊಡಲು
ಹದಿನೇಳು ದಿನ ಉಳಿದಿತ್ತು.
ನಾನು ಭಾಷಾಂತರದ ಗುಮಾಸ್ತ. ಮೇಜಿನ ತುದಿಗೆ ನನ್ನ ಕುರ್ಚಿ,
ಒಂದು ಕಾಲು ಗಿಡ್ಡ, ಅದರಡಿಗೆ ಮಡಚಿಟ್ಟ ಹಳೆಯ ಗೆಜೆಟ್ಟು.

ಹಿಂದಿನ ರಾತ್ರಿ ಅಲಸೂರಿನ ಮರದ ಅಡ್ಡೆಯಲ್ಲಿ
ವೇದಗಿರಿ ಮೊದಲಿಯಾರರು ಎಲ್ಲರಿಗೂ ಪಾಠ ಹೇಳಿದ್ದರು:
ದೊಡ್ಡದು ಕೇಳಬೇಡಿ. ಕೇಳಿದರೆ
ದಿವಾನರ ಕಡೆಯವರು ನೆಟ್ಟಗೆ ಕೂರುತ್ತಾರೆ.
ಸಣ್ಣದು ಕೇಳಿ,
ಇಲ್ಲವೆನ್ನಲು ಅವರಿಗೇ ನಾಚಿಕೆಯಾಗುವಷ್ಟು ಸಣ್ಣದು.

ಹಾಗೆ ಹುಟ್ಟಿತು ಪಟ್ಟಿ.
ಚರ್ಮದ ಮಂಡಿಯ ಗುತ್ತಿಗೆ. ತಮಿಳು ಶಾಲೆಗೆ ಮೂವರು ಮೇಷ್ಟ್ರು.
ಸೂಲಗಿತ್ತಿ ಫಿಲೋಮಿನಾಗೆ ಲಾಟೀನಿನ ಎಣ್ಣೆ.
ಗೋರಿಗಳ ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎಂಬುದು.
ನಲ್ಲಿ ನೀರಿಗೆ ಹಳೆಯ ದರ, ಐದು ವರ್ಷವಾದರೂ.
ಹತ್ತು ಬರೆಯಿರಿ, ಅಂದರು ಷುಕೂರ್ ಸೇಠರು,
ಚೌಕಾಸಿ ಮಾಡಿ ಐದಕ್ಕಿಳಿಸಿ
ಗೆದ್ದೆವೆಂದು ನೆಮ್ಮದಿಯಾಗಿ ಮಲಗಲಿ ಅವರು.

ದೊರೆ ಗಡಿಯಾರ ನೋಡುತ್ತಿದ್ದ.
ಹಡಗಿನ ಟಿಕೀಟು ಬಂದಿತ್ತು, ಪಿಯಾನೋ ಮಾರಿಯಾಗಿತ್ತು.
ಎಲ್ಲ ಕಲಮಿಗೂ ಒಂದೇ ಮಾತು ಬರೆಸಿದ:
ಮುಂದುವರಿಸಬಹುದು.

ಬಹುದು.
ಇಷ್ಟು ಸಡಿಲ ಬಾಗಿಲು ಕನ್ನಡದಲ್ಲಿ ಇನ್ನೊಂದಿಲ್ಲ.
ಯಾರು ತಳ್ಳಿದರೂ ತೆರೆಯುತ್ತದೆ,
ಬೀಸಿದ ಗಾಳಿಗೆ ಮುಚ್ಚಿಯೂ ಬಿಡುತ್ತದೆ.

ಹನ್ನೊಂದನೆಯದು, ಝಾಡಮಾಲಿಗಳ ನಲವತ್ತೆರಡು ಮನೆ.
ಪಟ್ಟಿ ತುಂಬಲೆಂದು ಯಾರೋ ಸೇರಿಸಿದ್ದು.
ಮೇಜಿನ ಸುತ್ತ ಅವರ ಪೈಕಿ ಒಬ್ಬರೂ ಇರಲಿಲ್ಲ.
ನಾನು ಬರೆದೆ: ಮುಂದುವರಿಸತಕ್ಕದ್ದು.
ಬೇಕೆಂದೇ? ಈಗಲೂ ಹೇಳಲಾರೆ.
ಹತ್ತು ಬಹುದು ಬರೆದು ಕೈ ಸೋತಿತ್ತು, ಅಷ್ಟು ಹೇಳಬಲ್ಲೆ.

ಮೈಸೂರಿನ ಕಡೆಯಿಂದ ನರಹರಿರಾಯರು ಪ್ರತಿ ಓದಿದರು.
ಬೆರಳು ಆ ಸಾಲಿನಲ್ಲಿ ನಿಂತಿತು.
ಕನ್ನಡಕ ತೆಗೆದರು, ಪಂಚೆಯ ಅಂಚಿಗೆ ಒರೆಸಿದರು,
ನಶ್ಯದ ಡಬ್ಬಿ ನನ್ನತ್ತ ಚಾಚಿದರು.
ಪುಟ ತಿರುವಿದರು.

ಅಭ್ಯಾಸವಿರಲಿಲ್ಲ ನನಗೆ.
ಸಹಿಗಳು ಬೀಳುವಾಗ ವರಾಂಡದಲ್ಲಿ ಸೀನುತ್ತಿದ್ದೆ.

ನೀರಿನ ದರ ಎರಡನೆಯ ವರ್ಷವೇ ಏರಿತು.
ಮಂಡಿಯ ಗುತ್ತಿಗೆ ಹೋಯಿತು, ಬೀಗದ ಕೈ ಕಳೆದೇಹೋಯಿತು.
ಮೊದಲಿಯಾರರು ಯಾರನ್ನೂ ದೂರಲಿಲ್ಲ.
ಸಣ್ಣದು ಕೇಳಿದ್ದೆವಲ್ಲ, ಅಂದರು,
ಮರೆಯಲೂ ಸುಲಭ.

ಮೊನ್ನೆ ದಂಡು ರೈಲ್ವೆ ನಿಲ್ದಾಣದ ಹಿಂದೆ ಹಾದು ಬಂದೆ.
ಎಣಿಸಿದೆ. ನಲವತ್ತೊಂದು.
ಇನ್ನೊಂದು ಮರದ ಮರೆಗೆ ಇದ್ದೀತೆಂದು ಸುತ್ತಿ ನೋಡುತ್ತಿದ್ದಾಗ
ಕೊಡ ತೊಳೆಯುತ್ತಿದ್ದವಳು ತಲೆ ಎತ್ತಿ ಕೇಳಿದಳು,
ಯಾರು ಬೇಕಾಗಿತ್ತು?

ಯಾರೂ ಇಲ್ಲಮ್ಮ, ಅಂದೆ.
ಯಾಕೋ ಮೂಗು ನವೆಯಿತು.