ಮೊದಲು ಇಂಜಿನ್ ಆರಿಸು

ಇವತ್ತು ಕ್ಲಚ್ಚಿಲ್ಲ, ಗೇರಿಲ್ಲ, ಹಾಲೇಶ.
ಹೈಸ್ಕೂಲ್ ಮೈದಾನದ ಬದಿಗೆ ಹಾಕು ಗಾಡಿ,
ಆ ಬೇವಿನ ನೆರಳಿಗೆ.
ಹಿಂದಿನ ಸೀಟಿನ ನಾಜನೀನ್, ನೀನೂ
ಫೋನ್ ಚೀಲಕ್ಕೆ ಹಾಕು.
ತಿಂಗಳಿಂದ ತಾಗಿಸದಿರೋದು ಹೇಳಿಕೊಟ್ಟೆ.
ಇವತ್ತಿನ ಪಾಠ ತಾಗಿದ ಮೇಲಿನದು.

ತಾಗುತ್ತೆ. ಸುಳ್ಳು ಹೇಳಲ್ಲ.
ಅಶೋಕ ರಸ್ತೆಯಲ್ಲಿ ರೈಲ್ವೆ ಗೇಟು ಎತ್ತಿದ ಕೂಡಲೇ
ಆ ಕಡೆಯ ದಾವಣಗೆರೆ ಈ ಕಡೆಯ ದಾವಣಗೆರೆಯನ್ನ
ನುಂಗೋಕೆ ಬಂದಂಗೆ ಬರುತ್ತಲ್ಲ,
ಅಲ್ಲೇ ಒಂದು ದಿನ ಯಾರದೋ ಬಂಪರಿಗೆ
ನಿನ್ನ ಬಂಪರು ಹಣೆ ಹಚ್ಚುತ್ತೆ.
ಸದ್ದು ಸಣ್ಣದೇ,
ಸ್ಟೀಲ್ ಡಬ್ಬಿಯ ಮುಚ್ಚಳ ಬಿದ್ದಷ್ಟು.
ಎದೆಯೊಳಗೆ ಮಾತ್ರ ಹತ್ತಿ ಗೋದಾಮೇ ಕುಸಿದಿರುತ್ತೆ.

ಆಗ, ಮೊದಲು ಇಂಜಿನ್ ಆರಿಸು.
ಕಾರಿನದಷ್ಟೇ ಅಲ್ಲ ತಮ್ಮಾ, ನಾಲಿಗೆಯದೂ.
ಕೆಂಪು ತ್ರಿಕೋನದ ಗುಂಡಿ ಇದೆಯಲ್ಲ,
ನಾಲ್ಕೂ ದೀಪ ಒಟ್ಟಿಗೆ ಮಿಟುಕೋದು,
ಅದು ಮದುವೆ ದಿಬ್ಬಣಕ್ಕೆ ಇಟ್ಟಿದ್ದಲ್ಲ.
ಒತ್ತು.
ಕನ್ನಡಿ ನೋಡಿ ಆಮೇಲೆ ಬಾಗಿಲು ತೆಗಿ.
ಸಣ್ಣ ಅಪಘಾತದಿಂದ ಗಾಬರಿಯಲ್ಲಿ ಇಳಿದು
ದೊಡ್ಡದಕ್ಕೆ ಸಿಕ್ಕವರಿದ್ದಾರೆ.

ಇಳಿದವನೇ ಬಂಪರ್ ನೋಡಬೇಡ.
ಮನುಷ್ಯರನ್ನ ನೋಡು.
‘ಏನಾದ್ರೂ ಆಯ್ತಾ?’ ಅನ್ನು.
ಎರಡೇ ಮಾತು. ಬಾಯಿ ಒಣಗಿರುತ್ತೆ.
ಆದ್ರೂ ಅನ್ನು.

‘ಅವರೇ ಬಯ್ಯೋಕೆ ನಿಂತ್ರೆ ಮೇಡಂ?’

ಬಯ್ಯಲಿ ನಾಜನೀನ್.
ನಮ್ಮೂರ ಬಾಯಿ ಮೆಣಸಿನಕಾಯಿ ಇದ್ದಂಗೆ,
ಎರಡು ನಿಮಿಷ ಉರಿಸಿ ತಾನೇ ನೀರು ಕೇಳುತ್ತೆ.
ಜನ ಸೇರ್ತಾರೆ:
ಒಬ್ಬ ಜಡ್ಜು, ಮೂವರು ವಕೀಲರು, ಉಳಿದವರೆಲ್ಲ ವೀಡಿಯೋದವರು.
ಓಡಿಸಿದ್ದು ಹುಡುಗಿ ಅಂದ್ರೆ
ತೀರ್ಪು ವಿಚಾರಣೆಗಿಂತ ಮುಂಚೆ ಬಂದಿರುತ್ತೆ.
ನೀನು ಕಿರುಚಬೇಡ, ಕುಗ್ಗಲೂಬೇಡ.
ನಂಬರ್ ಪ್ಲೇಟು, ತಗ್ಗಾದ ಜಾಗ, ರಸ್ತೆ, ಫೋಟೋ ತಗೋ.
ಹೆಸರು, ಫೋನು, ಇನ್ಶೂರೆನ್ಸ್ ಕಂಪನಿ ಬರಕೋ.
ರಕ್ತ ಕಂಡರೆ ನೂರಾ ಎಂಟು,
ಕೈ ಮಿಲಾಯಿಸಿದರೆ ನೂರಾ ಹನ್ನೆರಡು.
ಜೇಬಿನಲ್ಲಿದ್ದದ್ದು ತುರುಕಿ ಓಡಬೇಡ.
ಅಪ್ಪನಿಗೆ ಬೇರೆ ಯಾರೋ ಹೇಳೋ ಮೊದಲು ನೀನೇ ಹೇಳು,
ಬಯ್ಗುಳ ಅರ್ಧ ಕಡಿಮೆ ಬೀಳುತ್ತೆ.
ಅರ್ಧ ಬೀಳುತ್ತೆ ಮತ್ತೆ.

ಇನ್ನು ಇದು ಆರ್‌ಟಿಓ ಪುಸ್ತಕದಲ್ಲಿಲ್ಲ.

ನನಗೆ ಹತ್ತೊಂಬತ್ತು. ಮಾವನ ಬಿಳಿ ಓಮ್ನಿ.
ಮಂಡಕ್ಕಿ ಭಟ್ಟಿಯ ತಿರುವು, ಬೆಳಗಿನ ಹೊಗೆ.
ಸೈಕಲ್ಲಿನ ಮೇಲೆ ತನಗಿಂತ ಎತ್ತರದ ಚೀಲ ಹೇರಿಕೊಂಡು
ಒಬ್ಬ ಹೋಗುತ್ತಿದ್ದ, ಹೋಗುವವನೇ ಕಾಣಿಸದ ಹಾಗೆ.
ಕನ್ನಡಿ ತಾಗಿತು, ಅಷ್ಟೇ.
ಚೀಲ ಬಾಯಿಬಿಟ್ಟು ರಸ್ತೆ ಬೆಳ್ಳಗಾಯಿತು.

ನಾನು ನಿಲ್ಲಿಸಲಿಲ್ಲ.

ಎದ್ದನೋ ಇಲ್ಲವೋ.
ತಾಗಿದ ಕನ್ನಡಿ ಒಳಕ್ಕೆ ಮಡಚಿಕೊಂಡಿತ್ತು,
ಹಿಂದೇನಾಯಿತೋ ತೋರಿಸಲೇ ಇಲ್ಲ.
ಮಂಡಕ್ಕಿ ಚಕ್ರದಡಿ ಪುಡಿಯಾದರೆ ಸದ್ದೇ ಬರಲ್ಲ ಗೊತ್ತಾ?
ಬಂದಿದ್ದರೆ ಒಂದು ದಿನಕ್ಕೆ ನಿಲ್ಲುತ್ತಿತ್ತು.

ಮಾರನೆಯ ದಿನ ಮುನ್ನೂರು ರೂಪಾಯಿ ಮಡಚಿ ಹಿಡಿದು ಹೋದೆ.
ಒಂದು ಭಟ್ಟಿ, ಇನ್ನೊಂದು, ಮತ್ತೊಂದು.
ಬೆಂಕಿ ಮುಂದೆ ಎಲ್ಲರ ಮುಖವೂ ಮಸಿ,
ಎಲ್ಲರೂ ಅವನೇ.
ಯಾರೂ ಅವನಲ್ಲ.
ಎರಡು ಸೇರು ಮಂಡಕ್ಕಿ ಕೊಂಡು ಮನೆಗೆ ಬಂದೆ.
ಅವ್ವ ಒಗ್ಗರಣೆ ಹಾಕಿದಳು. ನನಗೆ ಇಳಿಯಲಿಲ್ಲ.

ಹಾಲೇಶ ಏನೂ ಅನ್ನಲಿಲ್ಲ.
ಅವನ ಬೆರಳು ತಾನಾಗಿ ಹೋಗಿ
ಕೆಂಪು ತ್ರಿಕೋನ ಒತ್ತಿತು.
ಆರಿದ ಇಂಜಿನ್ನು, ಬೇವಿನ ನೆರಳು,
ಟಕ್ ಟಕ್ ಟಕ್ ಟಕ್
ಮಿಟುಕುತ್ತ ಕೂತೆವು ಮೂವರೂ.

ಹೂಕೋಸಿನ ಆಟೋ ಒಂದು ದಾಟಿ ಹೋದದ್ದು
ಮುಂದೆ ನಿಂತಿತು. ಹಿಂದಕ್ಕೆ ಬಂತು.
ಡ್ರೈವರ್ ತಲೆ ಹೊರಹಾಕಿ ಕೇಳಿದ,
‘ಏನಾದ್ರೂ ಆಯ್ತಾ ಮೇಡಂ?’

ಏನಿಲ್ಲಪ್ಪ, ಪಾಠ, ಅನ್ನಬೇಕಿತ್ತು.
ಬಾಯಿ ಒಣಗಿತ್ತು.