ಖಾಲಿ ಚೀಲ

ಕಲಬುರಗಿ ಗಂಜಿಗೆ ತೊಗರಿ ಇಳಿಯುವ ಜನವರಿ.
ಮಧ್ಯಾಹ್ನ ಎರಡೂ ಕಾಲಿಗೆ
ತೂಕದ ಕೋಣೆಯ ಸರ್ವರು ಒಂದೇ ಮಾತು ಹಿಡಿಯಿತು:
ಜಾಗವಿಲ್ಲ.

ಹೊರಗೆ ಆಳಂದದ ಟ್ರ್ಯಾಕ್ಟರು, ಜೇವರ್ಗಿಯ ಟಂಟಂ,
ಸೇಡಂ ರಸ್ತೆಯ ಧೂಳು ಮೈತುಂಬ ಹೊತ್ತ ಲಾರಿ.
ಕಾಟಾದ ಮೇಲೆ ಚೀಲ ಕೂತಿದೆ,
ಅಂಕಿ ಕಾಣುತ್ತಿದೆ, ಚೀಟಿ ಬರುತ್ತಿಲ್ಲ.
"ಜಗದೇವಕ್ಕಾ, ಏನಾತ್ರೀ?"
ಏನಂತ ಹೇಳಲಿ. ಡಿಸ್ಕು ತುಂಬೇದ.

ಆರು ವರ್ಷ ಹಿಂದಿನ ಚೀಟಿಗಳನ್ನು
ಬೇರೆ ಪೆಟ್ಟಿಗೆಗೆ ನಕಲಿಳಿಸಿ, ಇಲ್ಲಿ ಅಳಿಸಿದೆ.
ಎರಡು ಲಕ್ಷ ಸಾಲು. ಕೈ ನಡುಗಿತು, ಖರೇ ಹೇಳತೀನಿ.
ಆಮೇಲೆ ನೋಡಿದರೆ
ಜಾಗ ಮೊದಲಿನಷ್ಟೇ. ಎಳ್ಳಷ್ಟೂ ಹೆಚ್ಚಿಲ್ಲ.

ಕಿಟಕಿಗೆ ಮೊಣಕೈ ಊರಿ ನಿಂತಿದ್ದ ಹಮಾಲ ಮಸ್ತಾನಪ್ಪ,
ಬೀಡಿ ಕಿವಿಯ ಮೇಲೆ, ಕೊಕ್ಕೆ ಹೆಗಲ ಮೇಲೆ:
"ಕಾಳು ಸುರುವಿದಿ ಖರೆ ತಂಗಿ,
ಖಾಲಿ ಚೀಲ ಯಾರ್ ಮಡಚಬೇಕು?"

ಹೌದಲ್ಲ.
ಅಳಿಸಿದ ಸಾಲು ಎಲ್ಲಿಗೂ ಹೋಗಿರುವುದಿಲ್ಲ,
ಸತ್ತಿದೆ ಎಂದು ಗುರುತು ಹಾಕಿಸಿಕೊಂಡು
ಅಲ್ಲೇ ಮಲಗಿರುತ್ತದೆ, ಉಬ್ಬಿದ ಗೋಣಿ, ಒಳಗೆ ಗಾಳಿ.
ಝಾಡಿಸಬೇಕು, ಮಡಚಬೇಕು, ಒತ್ತಿ ಥಪ್ಪಿ ಹಾಕಬೇಕು.
ಮಡಚಲಿಕ್ಕೂ ಒಂದಿಷ್ಟು ನೆಲ ಬೇಕು.
ಅದೇ ಇಲ್ಲ!

ಹುಡುಕಿದೆ. ಸಿಕ್ಕಿತೊಂದು ದೆವ್ವದಂಥ ಕಡತ,
ಸರ್ವರು ತನ್ನ ದಿನಚರಿ ತಾನೇ ಬರೆದುಕೊಂಡದ್ದು:
ತೂಗಿದೆನೆಂದು ಬರೆದೆ, ಬರೆದೆನೆಂದು ಬರೆದೆ,
ಬರೆದೆನೆಂದು ಬರೆದದ್ದನ್ನೂ ಬರೆದೆ...
ಮೂರು ವರ್ಷ ಯಾರೂ ಓದದ ಬಡಬಡಿಕೆ.
ಒಂದು ತಿಂಗಳಿನದಿಟ್ಟು ಉಳಿದದ್ದು ಕೊಯ್ದೆ.

ಅದರ ಪಕ್ಕದಲ್ಲೇ ಬ್ಯಾಕಪ್ಪು,
ಅದೇ ಡಿಸ್ಕಿನಲ್ಲಿ! ಗೋದಾಮಿನ ಎರಡನೇ ಕೀಲಿ
ಗೋದಾಮಿನೊಳಗೇ ಮೊಳೆಗೆ ತೂಗಿಸಿ
ಬಾಗಿಲೆಳೆದುಕೊಂಡು ಹೋದ ಪುಣ್ಯವಂತರು ಯಾರೋ.
ಯಾರೋ ಏನು, ನಾನೇ. ಹೋದ ದೀಪಾವಳಿಗೆ.

ನಾಲ್ಕಕ್ಕೆ ಚೀಟಿ ಹೊರಬಿತ್ತು.

ರಾತ್ರಿ, ಥಪ್ಪಿ ಕೆಲಸ ಮುಗಿಯುವವರೆಗೆ
ಸುಮ್ಮನೆ ಕೋಷ್ಟಕ ನೋಡುತ್ತ ಕೂತೆ:
ರೈತ, ಊರು, ಅಡತಿಯವರು, ತೇವಾಂಶ, ತೂಕ.
ಹೊತ್ತವರಿಗೆ ಕಾಲಂ ಇಲ್ಲ.
ಒಂದು ಸೇರಿಸಿದೆ, ಯಾರನ್ನೂ ಕೇಳದೆ.
ಹಿಂದಿನ ಎಲ್ಲ ಸಾಲುಗಳಲ್ಲೂ ಅದು ಖಾಲಿ.
ಸೊನ್ನೆಯಲ್ಲ. ಸೊನ್ನೆ ಅಂದರೆ ಯಾರೂ ಹೊರಲಿಲ್ಲ ಅಂತ.
ಖಾಲಿ ಅಂದರೆ, ಗೊತ್ತಿಲ್ಲ ಅಂತ.

ಬೆಳಿಗ್ಗೆ ಕೇಳಿದೆ: "ಕಾಕಾ, ನಿಮ್ಮ ಪೂರಾ ಹೆಸರೇನು?"
ಚೀಲಕ್ಕೆ ಕೊಕ್ಕೆ ಹಾಕಿ ಎಳೆಯುತ್ತಲೇ ಅಂದ:
"ಬ್ಯಾಡ ಬಿಡು ತಂಗಿ,
ಮತ್ತ ಜಾಗ ಸಾಲಲಿಲ್ಲಂದ್ರ?"