ಖಾಲಿ ಗಾಡಿಯ ತೂಕ

ಇನ್ನೂರ ಎಂಬತ್ತೊಂದು ದಿನ
ನನ್ನ ಖಾತೆಯಲ್ಲಿ ಬಿದ್ದಿವೆಯಂತೆ.
ಆಫೀಸಿನ ಆರಾಧ್ಯರು ಕನ್ನಡಕದ ಮೇಲಿಂದ ನೋಡಿ
'ಮುನ್ನೂರರ ಮೇಲಿನದು ಹೊಳೇಲಿ ತೊಳೆದ ಹುಣಸೆಹಣ್ಣು.
ಏನ್ಮಾಡ್ತೀರಿ ಪುಟ್ಟಮಾದಯ್ಯ,
ದುಡ್ಡೋ, ರಜವೋ?' ಎಂದರು,
ಹೋಟೆಲಿನಲ್ಲಿ ಕಾಫಿಯೋ ಟೀಯೋ ಎಂದು ಕೇಳುವ ಹಾಗೆ.

ಎರಡು ನಮೂನೆ ಕೊಟ್ಟರು.
ಹಣದ್ದು ಅರ್ಧ ಪುಟ, ಸಹಿ ಹಾಕಿದರೆ ಮುಗಿಯಿತು.
ರಜೆಯದರಲ್ಲಿ ಮಾತ್ರ ಒಂದು ಕಲಂ:
ಕಾರಣ.

ಮಂಡ್ಯದ ಈ ಕಾರ್ಖಾನೆ ಗೇಟಿನಲ್ಲಿ
ಇಪ್ಪತ್ತೊಂಬತ್ತು ಹಂಗಾಮು ಕಬ್ಬು ತೂಗಿದ್ದೇನೆ.
ತುಂಬಿದ ಗಾಡಿ ಒಂದು ಸಲ,
ಇಳಿಸಿ ಬಂದ ಖಾಲಿ ಗಾಡಿ ಇನ್ನೊಂದು ಸಲ,
ಕಳೆದರೆ ಉಳಿದದ್ದು ಕಬ್ಬು.
ಗಾಡಿಯ ತೂಕಕ್ಕೆ ಯಾರೂ ಕಾಸು ಕೊಡುವುದಿಲ್ಲ.
ಗಾಲಿಗಿಲ್ಲ, ನೊಗಕ್ಕಿಲ್ಲ,
ಮೇಲೆ ಕೂತು ತೂಕಡಿಸುವವನಿಗೂ ಇಲ್ಲ.
ತೂಕಡಿಸುವುದರಲ್ಲೂ ಒಂದು ತೂಕ ಇದೆಯೆಂದು
ನನಗೆ ಹೊಳೆದದ್ದು ಮೊನ್ನೆ, ರಾತ್ರಿ ಪಾಳಿಯಲ್ಲಿ.

ಲೆಕ್ಕ ಹಾಕಿದೆ. ಹಾಕದೆ ಇರುತ್ತೇನೆಯೇ?
ದಿನಕ್ಕೆ ಸಾವಿರದ ಇನ್ನೂರರಂತೆ
ಮೂರು ಲಕ್ಷದ ಮೂವತ್ತೇಳು ಸಾವಿರದ ಇನ್ನೂರು.
ಸೊಸೈಟಿ ಸಾಲ ತೀರುತ್ತದೆ,
ಸೋರುವ ಬಚ್ಚಲಿಗೆ ತಾರಸಿ ಬೀಳುತ್ತದೆ,
ಮಿಕ್ಕಿದ್ದು ಬ್ಯಾಂಕಿನಲ್ಲಿ ಕಾಲು ಚಾಚಿ ಮಲಗುತ್ತದೆ
ನನ್ನ ಬದಲಿಗೆ.

ಬಾಯ್ಲರಿನ ದ್ಯಾವೇಗೌಡ ಎಲ್ಲ ನಗದು ಮಾಡಿಕೊಂಡು
ಮಹಡಿ ಮೇಲೊಂದು ಕೋಣೆ ಕಟ್ಟಿಸಿದ.
ಈಗ ಅಲ್ಲಿ ಈರುಳ್ಳಿ ಹರವಿದ್ದಾನೆ.
ಲ್ಯಾಬಿನ ಫಯಾಜ್ ಎರಡು ತಿಂಗಳು ರಜೆ ಹಾಕಿದ.
ಒಂಬತ್ತನೇ ದಿನ ಕ್ಯಾಂಟೀನಿನಲ್ಲಿ ಸಿಕ್ಕ,
ಮಡಿಕೆ ಮುರಿಯದ ಹೊಸ ಅಂಗಿ ತೊಟ್ಟು.
'ಮನೇಲಿ ಗಡಿಯಾರ ಜೋರಾಗಿ ಹೊಡ್ಕೊಳ್ತದೆ ಕಣಣ್ಣಾ' ಅಂದ.

ಮನೆಯಲ್ಲಿ ಕೇಳಿದೆ.
ಜಯಶೀಲಾ ಅಂಗನವಾಡಿಯಿಂದ ಬಂದು
ಸೆರಗಿಗಂಟಿದ ರವೆ ಕೊಡವುತ್ತಿದ್ದಳು.
'ನಂಗೆ ಗಳಿಕೆ ರಜಾನೂ ಇಲ್ಲ, ಗಳಿಸದ ರಜಾನೂ ಇಲ್ಲ.
ನೀವು ಮನೇಲಿ ಕೂತ್ರೆ
ಮಧ್ಯಾಹ್ನ ಬಡಿಸೋಕೆ ನಾನಿರಲ್ಲ.
ಬಡಿಸ್ಕೊಳ್ಳೋದು ಗೊತ್ತಾ?'
ಆಮೇಲೆ ಒಲೆ ಹತ್ತಿಸಿ, ಬೆನ್ನು ತಿರುಗಿಸಿಯೇ,
'ನಾಲ್ಕಕ್ಕೆ ಮಕ್ಕಳ್ನ ಕಳಿಸಿ ಬಾಗಿಲು ಹಾಕ್ತೀನಿ.
ಅಲ್ಲಿಂದ ಮನೆಗೆ ಒಂದು ಮೈಲಿ.
ಒಂದಿನಾನೂ ನೀವು ಆ ದಾರೀಲಿ ಬಂದಿಲ್ಲ.'

ಒಂದು ಮೈಲಿಗೆ ಎಷ್ಟು ದಿನ ರಜೆ ಬೇಕು?
ಆರಾಧ್ಯರ ಪುಸ್ತಕದಲ್ಲಿ ಆ ನಿಯಮ ಇಲ್ಲ.

ಆ ರಾತ್ರಿ ಎರಡೂವರೆಗೆ ಸಾಲು ತುಂಡಾಯಿತು.
ನಾಲೆ ಏರಿಯ ಕಡೆಯಿಂದ ಗಾಡಿಯ ಸದ್ದಿಲ್ಲ,
ಕಾಕಂಬಿಯ ಹುಳಿವಾಸನೆ ಮಾತ್ರ ಎಚ್ಚರವಾಗಿತ್ತು.
ಚಪ್ಪಲಿ ಬಿಟ್ಟು ತೂಕದ ಹಲಗೆಯ ಮೇಲೆ ನಿಂತೆ,
ಇಷ್ಟು ವರ್ಷದಲ್ಲಿ ಮೊದಲ ಸಲ.
ಕಿಟಕಿಯಾಚೆ ಕೆಂಪು ಅಂಕಿ: ಅರವತ್ತು.
ಆಸ್ಪತ್ರೆಯ ಮಿಷನ್ನು ಅರವತ್ತನಾಲ್ಕು ಅಂದಿತ್ತು.
ನಮ್ಮದಕ್ಕೆ ಹತ್ತು ಕಿಲೋಗಿಂತ ಕೆಳಗೆ ಕಣ್ಣು ಕಾಣುವುದಿಲ್ಲ.
ಕಬ್ಬಿನವರು ಜಗಳಕ್ಕೆ ಬಂದಾಗ ನಾನೇ ಹೇಳುತ್ತಿದ್ದೆ:
'ನಾಕು ಕಿಲೋ ಎಲ್ಗೂ ಹೋಗಲ್ಲ ಬುಡಿ ಗೌಡ್ರೆ.'

ಎಲ್ಲಿಗೆ ಹೋಯಿತು?

ಕೋಣೆಗೆ ಬಂದು ರಜೆಯ ನಮೂನೆ ಬಿಡಿಸಿದೆ.
ನಲವತ್ತು ದಿನ ಎಂದು ಬರೆದೆ,
ಹೊಡೆದು ಅರವತ್ತು ಮಾಡಿದೆ,
ಬಚ್ಚಲ ತಾರಸಿ ನೆನಪಾಗಿ ಮತ್ತೆ ನಲವತ್ತೈದು.
ಕಾರಣಕ್ಕೆ ಎಲ್ಲರೂ ಬರೆಯುವುದು 'ಸ್ವಂತ ಕೆಲಸ'.
'ಸ್ವಂತ' ಎಂದು ಬರೆದೆನೋ ಇಲ್ಲವೋ
ಹೊರಗೆ ಟ್ರ್ಯಾಕ್ಟರಿನ ಹಾರನ್ನು.
ಹಲಗೆ ಏರಿತು ಹೊರೆ, ಗುಂಡಿಯೊಳಗಿನ ಕಬ್ಬಿಣ ನರಳಿತು.
ತೂಗಿದೆ, ಚೀಟಿ ಹರಿದು ಕೊಟ್ಟೆ.
ಇನ್ನೊಂದು. ಇನ್ನೊಂದು.

ಬೆಳಿಗ್ಗೆ ಆರಾಧ್ಯರು ಕಾಗದವನ್ನು ಬೆಳಕಿಗೆ ಹಿಡಿದು
'ಕೆಲಸ ಅನ್ನೋದು ಬಿಟ್ಟುಹೋಗಿದೆಯಲ್ರೀ' ಅಂದರು,
ಪೆನ್ನಿನ ಮುಚ್ಚಳ ತೆಗೆದು ನನ್ನತ್ತ ಚಾಚಿದರು.
ಹೊರಗೆ ಖಾಲಿ ಗಾಡಿಗಳು
ತೂಕಕ್ಕೆ ಕಾಯುತ್ತಿದ್ದವು.